ಹಳೆಯ ದೋಣಿ, ಹೊಸ ಎಂಜಿನು

ನಮ್ಮ ಸಾಹಿತ್ಯದಲ್ಲಿ ದೋಣಿಗೆ ದೊಡ್ಡ ಸ್ಥಾನವಿದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನೆಂಬ ದೋಣಿ ನಡೆಸುವವನೇ ಒಬ್ಬನಿದ್ದ. ಹರಿದಾಸರ ಪದಗಳಲ್ಲಿ ಸಂಸಾರವು ಹೊಳೆಯಾಗುತ್ತದೆ, ದೇಹವು ಹರಿಗೋಲಾಗುತ್ತದೆ, ದೇವರು ಅಂಬಿಗನಾಗುತ್ತಾನೆ. ಈ ರೂಪಕಗಳಲ್ಲೆಲ್ಲ ಮುಖ್ಯವಾದುದು ನಂಬಿಕೆಯ ಪ್ರಶ್ನೆ. ನಡುನೀರಿನಲ್ಲಿ ಕೈಬಿಡದವನು ಯಾರು? ಕಾಲ ಬದಲಾಯಿತು, ಅಂಬಿಗನ ತೋಳಿನ ಕೆಲಸವನ್ನು ಯಂತ್ರವು ವಹಿಸಿಕೊಂಡಿತು. ಪ್ರಶ್ನೆ ಮಾತ್ರ ಬದಲಾಗಲಿಲ್ಲ. ದೋಣಿ ಕೊಳ್ಳಲು ಹೊರಟವನು, ಅದರಲ್ಲಿಯೂ ಇನ್ನೊಬ್ಬರು ಬಳಸಿಬಿಟ್ಟ ದೋಣಿಯನ್ನು ಕೊಳ್ಳಲು ಹೊರಟವನು, ಇಂದಿಗೂ ಕೇಳುವುದು ಇದನ್ನೇ.

ನಾನು ಯಂತ್ರಶಾಸ್ತ್ರ ಬಲ್ಲವನಲ್ಲ, ಕನ್ನಡ ಪಾಠ ಹೇಳಿದವನು. ಆದರೆ ಕರಾವಳಿಯ ಊರೊಂದರ ಕಾಲೇಜಿನಲ್ಲಿ ಕೆಲವು ವರ್ಷ ಇದ್ದುದರಿಂದ ದೋಣಿಯವರ ಮಾತು ಕಿವಿಗೆ ಬಿದ್ದಿದೆ. ಆ ಮಾತಿನ ಬೆನ್ನುಹತ್ತಿ ಸ್ವಲ್ಪ ಚರಿತ್ರೆಯನ್ನು ಓದಿದ್ದೇನೆ. ಓದಿದ ಮೇಲೆ ನನಗೆ ಮನವರಿಕೆಯಾದ ಸಂಗತಿ ಒಂದು: ರಸ್ತೆಯ ವಾಹನಕ್ಕೆ ಎಂಜಿನನ್ನು ಆರಿಸುವ ಬಗೆ ಬೇರೆ, ದೋಣಿಗೆ ಆರಿಸುವ ಬಗೆ ಬೇರೆ. ರಸ್ತೆಯಲ್ಲಿ ಕಾರು ನಿಂತರೆ ಅದು ನಿಂತಲ್ಲೇ ಇರುತ್ತದೆ. ನಾವು ಇಳಿದು ಮರದ ನೆರಳಿನಲ್ಲಿ ಕೂರಬಹುದು. ನೀರಿನ ಮೇಲೆ ಎಂಜಿನು ನಿಂತರೆ ದೋಣಿ ನಿಲ್ಲುವುದಿಲ್ಲ. ಗಾಳಿ ಒಯ್ದತ್ತ, ಸೆಳೆತ ಎಳೆದತ್ತ, ಬಂಡೆಯಿದ್ದತ್ತ ಹೋಗುತ್ತದೆ. ಆದುದರಿಂದ ದೋಣಿಯ ಎಂಜಿನಿನ ಚರಿತ್ರೆಯು ವೇಗದ ಚರಿತ್ರೆಗಿಂತ ಹೆಚ್ಚಾಗಿ ಭಯದ ಚರಿತ್ರೆ. ಒಂದೊಂದು ಬಗೆಯ ಎಂಜಿನೂ ಹಿಂದಿನದರ ಒಂದು ಭಯವನ್ನು ಕಳೆಯಿತು; ಕಳೆದುದಕ್ಕೆ ಪ್ರತಿಯಾಗಿ ಹೊಸದೊಂದು ಹೊರೆಯನ್ನು ತಂದಿತು.

ಮೊದಲು ಬಂದುದು ಹಬೆ. 1807ರಲ್ಲಿ ರಾಬರ್ಟ್ ಫುಲ್ಟನ್ ನ್ಯೂಯಾರ್ಕಿನಿಂದ ಆಲ್ಬನಿಗೆ, ಹಡ್ಸನ್ ನದಿಯ ಮೇಲೆ ಸುಮಾರು 150 ಮೈಲಿಗಳ ದಾರಿಯನ್ನು, 32 ಗಂಟೆಗಳಲ್ಲಿ ಕ್ರಮಿಸಿ ತೋರಿಸಿದ. ಯಂತ್ರ ಇಂಗ್ಲೆಂಡಿನ ಬೋಲ್ಟನ್ ಮತ್ತು ವಾಟ್ ಕಾರ್ಖಾನೆಯದು. ಹದಿನಾರು ವರ್ಷಗಳ ಮೇಲೆ, 1823ರಲ್ಲಿ, ಕಲ್ಕತ್ತೆಯಲ್ಲಿ 'ಡಯಾನಾ' ಎಂಬ ಹಬೆದೋಣಿ ನೀರಿಗಿಳಿಯಿತು. ಗಾಳಿಗೆ ಎದುರಾಗಿ, ಪ್ರವಾಹಕ್ಕೆ ಎದುರಾಗಿ ಹೋಗಬಹುದೆಂಬುದು ಮನುಷ್ಯನಿಗೆ ಆಗ ದೊರೆತ ದೊಡ್ಡ ಬಿಡುಗಡೆ. ಆದರೆ ಹಬೆಯ ಯಂತ್ರಕ್ಕೆ ಕುಲುಮೆ ಬೇಕು, ಬಾಯ್ಲರು ಬೇಕು, ಸೌದೆಯ ಅಥವಾ ಕಲ್ಲಿದ್ದಲಿನ ರಾಶಿ ಬೇಕು, ನೋಡಿಕೊಳ್ಳುವ ಆಳು ಬೇಕು. ಚಿಕ್ಕ ದೋಣಿಯೊಂದರಲ್ಲಿ ಇವೆಲ್ಲವನ್ನೂ ತುಂಬಿದರೆ ಮನುಷ್ಯ ಕೂರಲು ಉಳಿಯುವ ಜಾಗ ಎಷ್ಟು? ಜಾಗದ ಮಾತು ಹಾಗಿರಲಿ, ಬಾಯ್ಲರು ಸಿಡಿಯುವ ಭಯ ಎಲ್ಲಕ್ಕಿಂತ ದೊಡ್ಡದು. 1865ರ ಏಪ್ರಿಲಿನಲ್ಲಿ ಮಿಸಿಸಿಪಿ ನದಿಯಲ್ಲಿ 'ಸುಲ್ತಾನಾ' ಎಂಬ ಹಬೆನಾವೆ ಸಿಡಿದು 1100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸಿಪಾಯಿಗಳು. ಆ ನಾವೆಯ ಬಾಯ್ಲರು ದಾರಿಯಲ್ಲಿಯೇ ಕೆಟ್ಟು, ಅವಸರವಸರವಾಗಿ ತೇಪೆ ಹಾಕಿಸಿಕೊಂಡು ಹೊರಟಿತ್ತು. ಹಳೆಯ ಯಂತ್ರದ ಮೇಲಿನ ತೇಪೆ ಎಂಬುದು ಎಷ್ಟು ಬೆಲೆಯ ವಸ್ತುವೆಂದು ಚರಿತ್ರೆ ಅಂದೇ ಬರೆದಿಟ್ಟಿತು.

ಇಂಥ ಅನಾಹುತಗಳ ಪರಂಪರೆಯಿಂದಾಗಿ ಅಮೆರಿಕದಲ್ಲಿ 1852ರಷ್ಟು ಹಿಂದೆಯೇ ಕಾನೂನೊಂದು ಬಂದು, ಹಬೆನಾವೆಗೆ ಪರವಾನಗಿ ಪಡೆದ ಎಂಜಿನಿಯರು ಇರಲೇಬೇಕೆಂದಾಗಿತ್ತು. ವಿಹಾರಕ್ಕೆಂದು ಪುಟ್ಟ ದೋಣಿ ಇಟ್ಟುಕೊಂಡವನಿಗೆ ಇದು ಭಾರ. ಕಾನೂನು ಇದ್ದಲ್ಲಿ ಉಪಾಯವೂ ಹುಟ್ಟುತ್ತದೆ. 1880ರ ದಶಕದಲ್ಲಿ ಅಲ್ಲಿ ನಾಫ್ತಾ ದೋಣಿಗಳು ಬಂದವು. ಬಾಯ್ಲರಿನಲ್ಲಿ ನೀರಿಗೆ ಬದಲಾಗಿ ನಾಫ್ತಾ ಎಂಬ ಎಣ್ಣೆಯನ್ನೇ ಕಾಯಿಸಿ ಆವಿ ಮಾಡುವುದು, ಆ ಆವಿಯಿಂದ ಯಂತ್ರ ನಡೆಸುವುದು. ನೀರಿನ ಹಬೆ ಅಲ್ಲವಾದುದರಿಂದ ಹಬೆಯ ಕಾನೂನು ಇದಕ್ಕೆ ತಗಲದು! ಹೊತ್ತಿಕೊಳ್ಳುವ ಎಣ್ಣೆಯನ್ನು ಬೆಂಕಿಯ ಮೇಲೆ ಕುದಿಸುವುದು ನೀರನ್ನು ಕುದಿಸುವುದಕ್ಕಿಂತ ಕ್ಷೇಮವೆಂದು ಕಾನೂನಿನ ಕಣ್ಣಿಗೆ ಕಂಡಿತು. ಇಂಥ ದೋಣಿಗಳು ಸಾವಿರಗಟ್ಟಲೆ ಮಾರಾಟವಾದವು.

ಅದೇ ದಶಕದಲ್ಲಿ, 1886ರಲ್ಲಿ, ಜರ್ಮನಿಯ ಕಾನ್‌ಸ್ಟಾಟ್ ಎಂಬಲ್ಲಿ ಗಾಟ್ಲೀಬ್ ಡೈಮ್ಲರ್ ತನ್ನ ಹೊಸ ಪೆಟ್ರೋಲ್ ಎಂಜಿನನ್ನು ದೋಣಿಗೆ ಜೋಡಿಸಿ ನೆಕರ್ ನದಿಯಲ್ಲಿ ನಡೆಸಿ ನೋಡಿದ. ಎಂಜಿನಿನ ಒಳಗೇ ಇಂಧನ ಉರಿಯುವ ಈ ಯಂತ್ರಕ್ಕೆ ಬಾಯ್ಲರು ಬೇಡ, ಕುಲುಮೆ ಬೇಡ. ಆದರೆ ದಡದಲ್ಲಿ ನಿಂತ ಜನಕ್ಕೆ ಪೆಟ್ರೋಲ್ ಎಂದರೆ ಸಿಡಿಮದ್ದು. ಡೈಮ್ಲರ್ ಒಂದು ತಂತ್ರ ಹೂಡಿದನೆಂದು ಹೇಳುತ್ತಾರೆ. ದೋಣಿಯ ಸುತ್ತ ತಂತಿಗಳನ್ನೂ ಪಿಂಗಾಣಿಯ ಗುಬುಟುಗಳನ್ನೂ ಜೋಡಿಸಿ, ಇದು ವಿದ್ಯುತ್ತಿನಿಂದ ನಡೆಯುವ ದೋಣಿ ಎಂಬ ಭ್ರಮೆ ಹುಟ್ಟಿಸಿದ. ಜನ ನಂಬಿದರು. ವಿದ್ಯುತ್ತಿನ ದೋಣಿ ಆಗ ಕಾಣದ ವಸ್ತುವೇನೂ ಅಲ್ಲ. 1838ರಲ್ಲಿಯೇ ಯಾಕೋಬಿ ಎಂಬ ವಿಜ್ಞಾನಿ ರಷ್ಯದ ನೆವಾ ನದಿಯಲ್ಲಿ ಬ್ಯಾಟರಿಯ ದೋಣಿಯೊಂದನ್ನು ನಡೆಸಿದ್ದ. ಹೊಸದನ್ನು ಒಪ್ಪಿಸಲು ಅದಕ್ಕೆ ಪರಿಚಿತವಾದ ವೇಷ ತೊಡಿಸುವುದು ಕವಿಗಳಿಗೆ ಮಾತ್ರ ಗೊತ್ತಿರುವ ವಿದ್ಯೆಯಲ್ಲವೆಂದು ನಾನು ಇದನ್ನು ಓದಿದಾಗ ಅಂದುಕೊಂಡೆ.

ಜನರ ಭಯ ಮಾತ್ರ ಬರಿಯ ಅಜ್ಞಾನವಾಗಿರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ರಸ್ತೆಯ ವಾಹನದಲ್ಲಿ ಸೋರಿದರೆ ಅದು ನೆಲಕ್ಕಿಳಿದು ಚದುರಿ ಹೋಗುತ್ತದೆ. ದೋಣಿಯಾದರೋ ಬಟ್ಟಲಿನಂಥದು, ಸೋರಿದ ಆವಿ ತಳದಲ್ಲಿ ಕಣ್ಣಿಗೆ ಕಾಣದಂತೆ ಕೂತಿರುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಒಳಗೆ ಪೆಟ್ರೋಲ್ ಎಂಜಿನಿರುವ ದೋಣಿಯಲ್ಲಿ ಮೊದಲು ತಳದ ಗಾಳಿಯನ್ನು ಹೊರದೂಡಿ ಆಮೇಲೆ ಎಂಜಿನು ಹಚ್ಚಬೇಕೆಂಬ ನಿಯಮ ಇಂದಿಗೂ ಇರುವುದು ಇದರಿಂದಲೇ. ಎರಡನೆಯ ತೊಡಕು ಉಪ್ಪುನೀರಿನದು. ಪೆಟ್ರೋಲ್ ಎಂಜಿನಿಗೆ ವಿದ್ಯುತ್ತಿನ ಕಿಡಿ ಬೇಕು. ಉಪ್ಪಿನ ತೇವ ಹತ್ತಿದ ತಂತಿ ಕಿಡಿಯನ್ನು ನಡುದಾರಿಯಲ್ಲಿಯೇ ನುಂಗುತ್ತದೆ.

ಕಡಲಿನ ಬೆಸ್ತರು ಆದುದರಿಂದ ಬೇರೊಂದು ಯಂತ್ರವನ್ನು ಮೆಚ್ಚಿದರು. ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಎಂಬ ಇಂಗ್ಲಿಷಿನವನು 1890ರಲ್ಲಿ ಪೇಟೆಂಟ್ ಪಡೆದ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನ ತಲೆಯ ಮೇಲೆ ಒಂದು ಕಬ್ಬಿಣದ ಬುರುಡೆ. ಅದನ್ನು ಊದುದೀಪದಿಂದ ಹತ್ತಾರು ನಿಮಿಷ ಕೆಂಪಗೆ ಕಾಯಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿದರೆ, ಆ ಕಾವಿಗೆ ಎಣ್ಣೆ ತಾನೇ ಉರಿದು ಯಂತ್ರ ಹೊರಡುತ್ತದೆ. ಹೊರಟ ಮೇಲೆ ತನ್ನ ಕಾವನ್ನು ತಾನೇ ಉಳಿಸಿಕೊಳ್ಳುತ್ತದೆ. ಒರಟು ಯಂತ್ರ, ತೂಕ ಬಹಳ, ಬಲ ಕಡಿಮೆ, ನಿಮಿಷಕ್ಕೆ ಕೆಲವು ನೂರು ಸುತ್ತಷ್ಟೇ. ಆದರೆ ಅಗ್ಗದ ಒರಟು ಎಣ್ಣೆಯನ್ನು ಕುಡಿದು ನಡೆಯುತ್ತದೆ, ನೀರು ಚಿಮ್ಮಿದರೆ ಅಂಜುವುದಿಲ್ಲ, ಕೆಟ್ಟರೆ ಊರಿನ ಕಮ್ಮಾರ ನೋಡಿ ಅರ್ಥಮಾಡಿಕೊಳ್ಳಬಲ್ಲ. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳ ಮೀನುಗಾರರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಾಯಿಯನ್ನು ಮಡಿಸಿಟ್ಟುದು ಈ ಯಂತ್ರವನ್ನು ನಂಬಿ. ಆ ಕಡಲತೀರಗಳ ಹಳಬರಿಗೆ ಅದರ 'ಡುಂಕ್ ಡುಂಕ್' ಎಂಬ ನಿಧಾನದ ಸದ್ದು ಊರಿನ ಸದ್ದೇ ಆಗಿಹೋಗಿತ್ತು.

ಈ ಒರಟನ ಜಾಗಕ್ಕೆ ಕಾಲಕ್ರಮದಲ್ಲಿ ಬಂದುದು ಡೀಸೆಲ್. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ ಎಂಜಿನು ಇಂಧನದ ಶಕ್ತಿಯ ಕಾಲುಪಾಲಿಗಿಂತ ಹೆಚ್ಚನ್ನು, ಸುಮಾರು 26 ಶೇಕಡಾವನ್ನು, ಕೆಲಸವಾಗಿ ಪರಿವರ್ತಿಸಿತು. ಅಂದಿನ ಹಬೆಯಂತ್ರಗಳು ಇದರ ಅರ್ಧವನ್ನು ಮುಟ್ಟಿದರೆ ಹೆಚ್ಚು. ಇದರಲ್ಲಿ ಕಿಡಿಯೂ ಇಲ್ಲ, ಕಾದ ಬುರುಡೆಯೂ ಇಲ್ಲ. ಗಾಳಿಯನ್ನೇ ಅದುಮಿ ಅದುಮಿ ಕಾಯಿಸಿ, ಆ ಕಾವಿಗೆ ಎಣ್ಣೆಯನ್ನು ಸಿಂಪಡಿಸುವುದು. ಡೀಸೆಲ್ ಎಣ್ಣೆ ಪೆಟ್ರೋಲಿನಂತೆ ಸುಲಭವಾಗಿ ಆವಿಯಾಗಿ ಹೊತ್ತಿಕೊಳ್ಳುವುದಿಲ್ಲ. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಎಂಬ ಡೀಸೆಲ್ ಹಡಗು ಬ್ಯಾಂಕಾಕಿನವರೆಗೆ ಹೋಗಿಬಂದು ಸಾಗರಯಾನದ ಪುಟವನ್ನು ತಿರುವಿತು. ವಿಧಿಯ ವ್ಯಂಗ್ಯ ನೋಡಿ: ಕಡಲಿಗೆ ಇಷ್ಟು ನೆಚ್ಚಿನ ಎಂಜಿನನ್ನು ಕೊಟ್ಟ ಡೀಸೆಲ್, 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೋಗುವ ಹಬೆಹಡಗಿನಿಂದ ಕಣ್ಮರೆಯಾದ. ಬಿದ್ದನೋ, ಹಾರಿದನೋ, ಇಂದಿಗೂ ನಿರ್ಣಯವಾಗಿಲ್ಲ.

ಡೀಸೆಲ್ ಎಂಜಿನು ಆರಂಭದಲ್ಲಿ ದೈತ್ಯಗಾತ್ರದ್ದು. 1897ರ ಆ ಮೊದಲ ಯಂತ್ರದ ಎತ್ತರವೇ ಸುಮಾರು 3 ಮೀಟರು. ಚಿಕ್ಕ ದೋಣಿಗೆ ಹೊಂದುವಂತೆ ಅದು ಕುಗ್ಗಲು ಇನ್ನೂ ಮೂರು ದಶಕಗಳು ಹಿಡಿದವು. ಅಷ್ಟರಲ್ಲಿ ಚಿಕ್ಕ ದೋಣಿಯವರ ಆಸೆಯನ್ನು ಈಡೇರಿಸಿದವನು ಓಲೆ ಎವಿನ್‌ರೂಡ್. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದವನು. ಪ್ರೇಯಸಿ ಐಸ್‌ಕ್ರೀಂ ಬೇಕೆಂದಳೆಂದು ಸರೋವರವನ್ನು ಹುಟ್ಟುಹಾಕಿ ದಾಟಿ ತರುವಷ್ಟರಲ್ಲಿ ಅದು ಕರಗಿ ನೀರಾಯಿತೆಂದೂ, ಅದರಿಂದಲೇ ಅವನಿಗೆ ದೋಣಿಯ ಹಿಂಬದಿಗೆ ತಗಲಿಸುವ ಎಂಜಿನಿನ ಕಲ್ಪನೆ ಬಂದಿತೆಂದೂ ಕಥೆಯಿದೆ. ಇಂಥ ಎಂಜಿನನ್ನು ಅವನಿಗಿಂತ ಮೊದಲೇ ಮಾಡಿದವರೂ ಇದ್ದರು. ಆದರೆ 1909ರಿಂದ ಅವನು ಮಾರಲಾರಂಭಿಸಿದ ಯಂತ್ರ 62 ಪೌಂಡು ತೂಕ, 62 ಡಾಲರ್ ಬೆಲೆ, ಒಂದೂವರೆ ಅಶ್ವಶಕ್ತಿ. ಒಬ್ಬ ಮನುಷ್ಯ ಹೊತ್ತುಕೊಂಡು ಹೋಗಿ ಯಾವ ದೋಣಿಗಾದರೂ ತಗಲಿಸಬಹುದು, ಸಂಜೆ ಬಿಚ್ಚಿ ಮನೆಗೆ ತರಬಹುದು. ಎಂಜಿನು ದೋಣಿಯ ಅಂಗವಾಗಿದ್ದುದು ಹೋಗಿ ದೋಣಿಯ ಆಳಾಯಿತು. ಆಮೇಲೆ ಆ ಹೆಂಡತಿ ಬೆಸ್ ಅವರೇ ಜಾಹೀರಾತು ಬರೆದು ವ್ಯಾಪಾರವನ್ನು ಬೆಳೆಸಿದರು ಎಂಬುದನ್ನು ಮರೆಯಬಾರದು.

ಹೀಗೆ ಮೂರು ದಾರಿಗಳು ಏರ್ಪಟ್ಟವು. ಒಳಗೆ ಕೂತ ಪೆಟ್ರೋಲ್ ಎಂಜಿನು: ಹಗುರ, ವೇಗ, ನಯ, ಬೆಂಕಿಯ ಭಯ. ಒಳಗೆ ಕೂತ ಡೀಸೆಲ್ ಎಂಜಿನು: ಭಾರ, ನಿಧಾನ, ಬೆಲೆ ಹೆಚ್ಚು, ಬಾಳಿಕೆ, ಮಿತವ್ಯಯ, ನಿಶ್ಚಿಂತೆ. ಹೊರಗೆ ತಗಲಿಸಿದ ಎಂಜಿನು: ಕೊಳ್ಳುವುದು ಸುಲಭ, ಕಳಚುವುದು ಸುಲಭ, ಎಣ್ಣೆ ಕುಡಿಯುವುದು ಹೆಚ್ಚು, ಆಯುಸ್ಸು ಕಡಿಮೆ.

ಹಳೆಯ ದೋಣಿಯನ್ನು ಕೊಳ್ಳುವವನಿಗೆ ಈ ಚರಿತ್ರೆಯೆಲ್ಲ ಒಂದೇ ದೋಣಿಯಲ್ಲಿ ಎದುರಾಗುವುದುಂಟು. ಒಡಲಿನ ಆಯುಸ್ಸು ದೊಡ್ಡದು, ಎಂಜಿನಿನದು ಚಿಕ್ಕದು. ಒಂದು ಒಡಲು ಮೂರು ಎಂಜಿನುಗಳನ್ನು ಕಂಡಿರುತ್ತದೆ. ಇದಕ್ಕೆ ನನಗೆ ಗೊತ್ತಿರುವ ಉತ್ತಮ ನಿದರ್ಶನ 'ಸನ್‌ಡೌನರ್'. 1912ರಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ ಹಬೆಯ ದೋಣಿ ಅದು. ಅದೇ ವರ್ಷ ಟೈಟಾನಿಕ್ ಹಡಗು ಮುಳುಗಿತು. ಆ ಹಡಗಿನಲ್ಲಿ ಬದುಕುಳಿದ ಅಧಿಕಾರಿಗಳ ಪೈಕಿ ಹಿರಿಯನಾದ ಚಾರ್ಲ್ಸ್ ಲೈಟೋಲರ್, ನೌಕಾಪಡೆ ಬೇಡವೆಂದು ಬಿಟ್ಟಿದ್ದ ಈ ದೋಣಿಯ ಒಡಲನ್ನು 1929ರಲ್ಲಿ ಕೊಂಡ. ಹಬೆಯ ಯಂತ್ರದ ಜಾಗದಲ್ಲಿ ಮೊದಲು ಪೆಟ್ರೋಲ್ ಮತ್ತು ಸೀಮೆಎಣ್ಣೆಯಿಂದ ನಡೆಯುವ ಎಂಜಿನು ಕೂರಿಸಿದ. ಕೆಲವು ವರ್ಷಗಳ ಮೇಲೆ ಅದನ್ನು ತೆಗೆದು ಡೀಸೆಲ್ ಹಾಕಿಸಿದ. ನೀರಿನ ಮೇಲೆ ಏನಾಗಬಹುದೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆಗ ಹೆಚ್ಚು ಮಂದಿ ಇರಲಿಲ್ಲ.

1940ರ ಮೇ ಕೊನೆಯಲ್ಲಿ ಫ್ರಾನ್ಸಿನ ಡನ್‌ಕರ್ಕ್ ತೀರದಲ್ಲಿ ಬ್ರಿಟಿಷ್ ಮತ್ತು ಮಿತ್ರಸೈನ್ಯ ಸಿಕ್ಕಿಬಿತ್ತು. ಚಿಕ್ಕ ದೋಣಿಗಳನ್ನೆಲ್ಲ ನೌಕಾಪಡೆ ಕೇಳಿ ಪಡೆಯಿತು. ತನ್ನ ದೋಣಿಯನ್ನು ಇತರರ ಕೈಗೆ ಕೊಡಲೊಲ್ಲದ ಲೈಟೋಲರ್, 66ನೆಯ ವಯಸ್ಸಿನಲ್ಲಿ, ಹಿರಿಯ ಮಗನನ್ನೂ ಒಬ್ಬ ಹುಡುಗ ಸ್ಕೌಟನ್ನೂ ಕರೆದುಕೊಂಡು ಜೂನ್ 1ರಂದು ತಾನೇ ಹೊರಟ. ಎಂದೂ 21ಕ್ಕಿಂತ ಹೆಚ್ಚು ಜನ ಹತ್ತದಿದ್ದ ಆ ದೋಣಿಯಲ್ಲಿ, ಮೇಲೆ ವಿಮಾನಗಳು ಗುಂಡು ಸುರಿಸುತ್ತಿರುವಾಗ, 120ಕ್ಕೂ ಹೆಚ್ಚು ಸಿಪಾಯಿಗಳನ್ನು ಮಲಗಿಸಿ, ನಿಲ್ಲಿಸಿ, ತುಂಬಿಕೊಂಡು ಇಂಗ್ಲೆಂಡಿಗೆ ಮರಳಿದ. ಡನ್‌ಕರ್ಕಿನಿಂದ ಒಟ್ಟು ಪಾರಾದವರು 3 ಲಕ್ಷ 38 ಸಾವಿರ. ಅವರಲ್ಲಿ ಹೆಚ್ಚಿನವರನ್ನು ತಂದುದು ದೊಡ್ಡ ಹಡಗುಗಳೇ. ಆದರೂ ಆ ದಿನ ಆ ಒಂದು ಎಂಜಿನು ನಡುಗಡಲಿನಲ್ಲಿ ನಿಂತಿದ್ದರೆ ಆ ನೂರಿಪ್ಪತ್ತು ಮನೆಗಳ ಕಥೆ ಬೇರೆಯಾಗುತ್ತಿತ್ತು. ಯಾರೋ ಎಸೆದ ಹಳೆಯ ಒಡಲು, ಯೋಚಿಸಿ ಆರಿಸಿದ ಎಂಜಿನು: ಎರಡೂ ಮಾತಿಗೆ ತಪ್ಪಲಿಲ್ಲ.

ನಮ್ಮ ಕರಾವಳಿಯಲ್ಲಿ ಹಳೆಯ ಬೋಟು ಕೊಳ್ಳುವಾಗ ಒಬ್ಬ ಹಿರಿಯ ತಾಂಡೇಲರು ಪರೀಕ್ಷೆ ಮಾಡುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಅವರು ಬಣ್ಣವನ್ನು ನೋಡಲಿಲ್ಲ. ಮೊದಲು ಅಂಗೈಯನ್ನು ಎಂಜಿನಿನ ಮೇಲೆ ಇಟ್ಟರು. ಬೆಚ್ಚಗಿತ್ತು. "ನಾಳೆ ಬರ್ತೇನೆ ಮಾರಾಯ, ಮುಟ್ಟದೆ ಇಡು" ಎಂದು ಮಾರುವವನಿಗೆ ಹೇಳಿ ಎದ್ದುಬಿಟ್ಟರು. ಕಾರಣ ಕೇಳಿದೆ. "ಬಿಸಿ ಇದ್ದ ಎಂಜಿನು ಎಲ್ಲ ಒಳ್ಳೆಯದೇ ಮಾಷ್ಟ್ರೇ. ತಣ್ಣಗಿದ್ದದ್ದು ಹೊರಡ್ತದಾ ನೋಡ್ಬೇಕು" ಎಂದರು. ಡೀಸೆಲ್ ಎಂಜಿನು ಗಾಳಿಯನ್ನು ಅದುಮುವ ಕಾವಿನಿಂದಲೇ ಹೊತ್ತಿಕೊಳ್ಳುವುದಷ್ಟೆ. ಸವೆದ ಎಂಜಿನಿನಲ್ಲಿ ಗಾಳಿ ಸೋರುತ್ತದೆ, ತಣ್ಣಗಿರುವಾಗ ಸಾಕಷ್ಟು ಕಾವು ಹುಟ್ಟುವುದಿಲ್ಲ. ಮೊದಲೇ ಕಾಯಿಸಿಟ್ಟರೆ ಆ ದೋಷ ಮುಚ್ಚಿಹೋಗುತ್ತದೆ. ಮರುದಿನ ಅವರು ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು: ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಹೊಗೆಯನ್ನು ನೋಡಿದರು: ನೀಲಿಯಾದರೆ ಎಂಜಿನು ತನ್ನ ಎಣ್ಣೆಯನ್ನೇ ಸುಡುತ್ತಿದೆ, ಕಪ್ಪಾದರೆ ಭಾರ ತಾಳುತ್ತಿಲ್ಲ, ಬಿಳಿ ನಿಲ್ಲದಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಅಥವಾ ನೀರು ನುಗ್ಗಿದೆ. ಆಮೇಲೆ ಹಲಗೆಗಳನ್ನು ಒಂದೊಂದಾಗಿ ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳುತ್ತ ಹೋದರು, ಗಡಿಗೆ ಕೊಳ್ಳುವ ಗೃಹಿಣಿಯಂತೆ. ಅವರು ನೋಡಿದ ಕೊನೆಯ ಸಂಗತಿ ಎಂಜಿನಿನ ಮೇಲಿರಲಿಲ್ಲ. ಈ ತಯಾರಿಕೆಯ ಬಿಡಿಭಾಗ ನಮ್ಮ ಬಂದರಿನಲ್ಲಿ ಸಿಗುತ್ತದೆಯೇ, ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಇದ್ದಾನೆಯೇ ಎಂದು ವಿಚಾರಿಸಿದರು.

ಈ ಕೊನೆಯ ವಿಚಾರಣೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಚರಿತ್ರೆಯೇ ಅಡಗಿದೆ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಮಾಡಿಕೊಂಡ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರ, ಶಕ್ತಿಕುಳಂಗರ ಎಂಬ ಹಳ್ಳಿಗಳಿಗೆ ನಾರ್ವೆಯವರು ಬಂದರು. ಬಡ ಮೀನುಗಾರರ ಬಾಳು ಹಸನಾಗಲೆಂಬುದು ಉದ್ದೇಶ. ಜೊತೆಗೆ ಆರೋಗ್ಯಕೇಂದ್ರವನ್ನೂ ಕಟ್ಟಿದರು. ಇದ್ದ ದೋಣಿಗಳಿಗೇ ಎಂಜಿನು ಕೂರಿಸಬಹುದೆಂದುಕೊಂಡಿದ್ದರು. ಆದರೆ ಅಲೆಗಳನ್ನು ಸೀಳಿ ಬಂದು ಮರಳಿನ ಮೇಲೆ ಏರಿ ನಿಲ್ಲುವ ತೋಡುದೋಣಿಗೂ ಕಟ್ಟುಮರಕ್ಕೂ ತಳದಲ್ಲಿ ಪ್ರೊಪೆಲ್ಲರಿರುವ ಎಂಜಿನು ಹೊಂದಲಿಲ್ಲ. ಹೊಸ ದೋಣಿಗಳನ್ನೇ ಕಟ್ಟಬೇಕಾಯಿತು. ಅವು ನಿಲ್ಲಲು ಬಂದರು ಬೇಕಾಯಿತು. ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದಂತೆ ಬೋಟಿಗೆ ಹಣ ಹೂಡುವವರು ಊರಿನ ಹೊರಗಿನಿಂದಲೂ ಬಂದರು. ಯೋಜನೆ 1972ರಲ್ಲಿ ಮುಗಿದಾಗ ಕರಾವಳಿ ಸಂಪದ್ಭರಿತವಾಗಿತ್ತು. ಆದರೆ ಬೋಟಿದ್ದವನು, ಬೋಟಿಲ್ಲದವನು ಎಂದು ಇಬ್ಭಾಗವಾಗಿತ್ತು.

ನಮ್ಮಲ್ಲಿಯೂ ಇದೇ ಕಥೆ ನಡೆಯಿತು. ಊರಿನ ಹತ್ತಾರು ಮಂದಿ ಒಟ್ಟಾಗಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದ ನಡುವಿನಲ್ಲಿ ಎಂಜಿನಿನ ಬೋಟುಗಳ ಪರ್ಸೀನ್ ಬಲೆ ಬಂದ ಮೇಲೆ, ನೋಡನೋಡುತ್ತ ಸೊರಗಿತು. ಜಗಳಗಳಾದವು, 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ಕಾನೂನು ಬಂತು. ನಾಡದೋಣಿಯವರು ಕೈಕಟ್ಟಿ ಕೂರಲಿಲ್ಲ. 1980ರ ದಶಕದಿಂದೀಚೆಗೆ ಅವರು ಹಿಡಿದುದು ಎವಿನ್‌ರೂಡನ ದಾರಿ: ಜಪಾನಿನ ಔಟ್‌ಬೋರ್ಡ್ ಎಂಜಿನನ್ನು ದೋಣಿಗೆ ತಗಲಿಸಿ, ಪೆಟ್ರೋಲಿನಿಂದ ಹೊರಡಿಸಿ, ಸೀಮೆಎಣ್ಣೆಗೆ ತಿರುಗಿಸಿ ನಡೆಸುವುದು. ದಡಕ್ಕೆ ಬರುವಾಗ ಎಂಜಿನನ್ನು ಮೇಲೆತ್ತಿದರಾಯಿತು, ಬಂದರು ಬೇಡ. ನಾರ್ವೆಯ ತಜ್ಞರಿಗೆ ಬಗೆಹರಿಯದ ತೊಡಕನ್ನು ನಾರ್ವೆಯಲ್ಲಿ ಹುಟ್ಟಿದವನೊಬ್ಬನು ಜನಪ್ರಿಯಗೊಳಿಸಿದ ಯಂತ್ರ ಬಗೆಹರಿಸಿತು. ಆದರೆ ತೋಳಿನ ನೋವು ಕಳೆದುದಕ್ಕೆ ತೆತ್ತ ಬೆಲೆ ಎಣ್ಣೆಯದು. ಹುಟ್ಟು ಹಾಕುವವನು ಮೀನು ಸಿಗದೆ ಬಂದರೆ ಅಂದಿನ ದುಡಿಮೆ ಮಾತ್ರ ಹೋಯಿತು. ಎಂಜಿನಿನವನು ಬರಿಗೈಲಿ ಬಂದರೆ ಸಾಲ ಬೆಳೆಯಿತು. ಸಾಲ ಬೆಳೆದಂತೆ ಇನ್ನೂ ದೂರ ಹೋಗಬೇಕು, ದೂರ ಹೋಗಲು ಇನ್ನೂ ದೊಡ್ಡ ಎಂಜಿನು ಬೇಕು.

ಈಚೆಗೆ ಇನ್ನೊಂದು ಅಧ್ಯಾಯ ತೆರೆದಿದೆ. 2017ರಲ್ಲಿ ಕೇರಳದ ವೈಕಂನಿಂದ ವೆಂಬನಾಡು ಕಾಯಲಿನ ಆಚೆ ದಡಕ್ಕೆ 'ಆದಿತ್ಯ' ಎಂಬ ದೋಣಿ ಓಡಲಾರಂಭಿಸಿತು. 75 ಜನರನ್ನು ಒಯ್ಯುವ ಅದಕ್ಕೆ ಡೀಸೆಲ್ ಬೇಡ. ಚಾವಣಿಯ ಮೇಲೆ ಬಿದ್ದ ಬಿಸಿಲೇ ಬ್ಯಾಟರಿಗೆ ಮುಖ್ಯ ಆಹಾರ. ಡೈಮ್ಲರ್ ಜನರನ್ನು ನಂಬಿಸಲು ತೊಡಿಸಿದ ವೇಷ ಯಾವುದೋ, ಅದೇ ಈಗ ನಿಜರೂಪವಾಗಿ ಬಂದಿದೆ. ಗೊತ್ತಾದ ದಾರಿಯ ಕಡವಿಗೆ ಇದು ಒಪ್ಪುತ್ತದೆ. ತೆರೆಗಡಲಿನಲ್ಲಿ ಮೀನು ಎಲ್ಲಿದೆಯೋ ಅಲ್ಲಿಗೆ ಹೋಗಬೇಕಾದವನಿಗೆ ಇದು ಒಪ್ಪುವ ಕಾಲ ಇನ್ನೂ ಬಂದಿಲ್ಲ. ಬಂದಾಗ ಅದೂ ತನ್ನ ಹೊರೆಯನ್ನು ಹೊತ್ತೇ ಬರುತ್ತದೆ. ಬ್ಯಾಟರಿ ಮುಗಿದ ದೋಣಿಯೂ ಗಾಳಿ ಒಯ್ದತ್ತಲೇ ಹೋಗುವುದು.

ಆದುದರಿಂದ ಯಾವ ಎಂಜಿನು ಉತ್ತಮವೆಂದು ಯಾರಾದರೂ ಕೇಳಿದರೆ, ಚರಿತ್ರೆ ಒಂದೇ ಉತ್ತರವನ್ನು ಕೊಡುವುದಿಲ್ಲ. ಯಾವ ನೀರು, ಯಾವ ದಡ, ಯಾವ ಎಣ್ಣೆ, ಕೆಟ್ಟರೆ ರಿಪೇರಿ ಮಾಡುವವರು ಯಾರು, ಸಾಲ ತೀರಿಸುವವರು ಯಾರು ಎಂದು ಅದು ಮರುಪ್ರಶ್ನೆಗಳನ್ನು ಹಾಕುತ್ತದೆ. ಅವಕ್ಕೆ ಉತ್ತರ ಸಿಕ್ಕಮೇಲೆ, ಆ ಹಿರಿಯ ತಾಂಡೇಲರಂತೆ, ಎಂಜಿನು ತಣ್ಣಗಿರುವಾಗ ಹೋಗಿ ನೋಡುವುದು ಲೇಸು.